ಗೋಡೆ ಚಿತ್ರಕ್ಕೆ ಬಿಳಿ ಕಾರಿನ ಕಾಟ

ದೆಹಲಿಯ ಲೋಧಿ ಕಾಲೊನಿಗೆ ಗೋಡೆ ಚಿತ್ರಗಳ ಫೋಟೊ ತೆಗೆಯಲು ಹೊರಟವರು ಮೊದಲು ತಿಳಿದುಕೊಳ್ಳಬೇಕಾದದ್ದು ಕ್ಯಾಮೆರಾದ ವಿಷಯವಲ್ಲ, ಸರ್ಕಾರಿ ನೌಕರರು ಆಫೀಸಿಗೆ ಹೊರಡುವ ಹೊತ್ತು. ಖನ್ನಾ ಮಾರ್ಕೆಟ್ಟಿಗೂ ಮೆಹರ್‌ಚಂದ್ ಮಾರ್ಕೆಟ್ಟಿಗೂ ನಡುವಿನ ಈ ಕ್ವಾರ್ಟರ್ಸುಗಳನ್ನು ಕಟ್ಟಿಸಿದ್ದು ಬ್ರಿಟಿಷರು, ತಾವು ಗಂಟುಮೂಟೆ ಕಟ್ಟುವ ಸ್ವಲ್ಪ ಮುಂಚೆ. ಬೀದಿ ಕಲೆಯ ಸಂಸ್ಥೆಯಾದ ಸ್ಟಾರ್ಟ್ ಇಂಡಿಯಾ ಫೌಂಡೇಶನ್ನಿನವರ ದೆಸೆಯಿಂದ ಈಗ ಇಲ್ಲಿನ ಐವತ್ತಕ್ಕೂ ಹೆಚ್ಚು ಗೋಡೆಗಳಲ್ಲಿ ಚಿತ್ರಗಳಿವೆ. ಮೇಲುಭಾಗ ಕಲಾವಿದರದ್ದು, ಕೆಳಗಿನ ಐದಡಿ ಮಾತ್ರ ಅಲ್ಲಿ ನಿಂತ ಬಿಳಿ ಕಾರುಗಳದ್ದು. ಭಾನುವಾರ ಬಿಡುವೆಂದು ನೀವು ಹೋಗುತ್ತೀರಿ. ಕಾರಿಗೂ ಅವತ್ತೇ ಬಿಡುವು. ವಾರದ ದಿನ ಹತ್ತೂವರೆಯ ಮೇಲೆ ಹೋದರೆ ಸಾಲು ಸ್ವಲ್ಪ ತೆಳ್ಳಗಾಗಿರುತ್ತದೆ, ಆದರೆ ಅಷ್ಟು ಹೊತ್ತಿಗೆ ಬಿಸಿಲು ಡ್ಯೂಟಿಗೆ ಹಾಜರಾಗಿರುತ್ತದೆ.

ಕಾರು ತಪ್ಪಿಸೋಣವೆಂದು ಹತ್ತಿರ ಹೋಗಿ ಫೋನನ್ನು ಮೇಲಕ್ಕೆ ಓರೆ ಮಾಡಿದಿರೋ, ಗೋಡೆ ಹಿಂದಕ್ಕೆ ವಾಲುತ್ತದೆ. ಫೋನಿನ ಬೆನ್ನು ಗೋಡೆಗೆ ಸಮಾನಾಂತರವಾಗಿಲ್ಲದಿದ್ದರೆ ಹೀಗಾಗುವುದೇ. ಹೆಚ್ಚು ಅಗಲ ಹಿಡಿಯುವ 0.5 ಲೆನ್ಸ್ ಹಾಕಿದರಂತೂ ಅಂಚಿನಲ್ಲಿರುವ ಕಿಟಕಿಗಳೆಲ್ಲ ಮೂಲೆಗೆ ಎಳೆದುಕೊಂಡು ಹೋಗುತ್ತವೆ. ರಸ್ತೆ ದಾಟಿ ಎದುರಿನ ಫುಟ್‌ಪಾತಿಗೆ ಹೋಗಿ, ಗ್ರಿಡ್ ಗೆರೆ ಹಾಕಿಕೊಂಡು, ಫೋನನ್ನು ನೆಟ್ಟಗೆ ಹಿಡಿದು 1x ಅಥವಾ 2x ನಲ್ಲಿ ತೆಗೆಯಿರಿ. ಗೋಡೆಯನ್ನೇ ನೋಡುತ್ತಾ ಹಿಂದೆ ಹಿಂದೆ ನಡೆಯಬೇಡಿ, ದೆಹಲಿಯ ಸ್ಕೂಟರುಗಳಿಗೆ ಕಲೆಯಲ್ಲಿ ಅಂಥ ಆಸಕ್ತಿಯಿಲ್ಲ. ಆಮೇಲೆ ಎಡಿಟಿಂಗಿನಲ್ಲಿ ನೆಟ್ಟಗೆ ಮಾಡುವುದಾದರೆ ನಾಲ್ಕೂ ಕಡೆ ಸ್ವಲ್ಪ ಜಾಗ ಬಿಟ್ಟು ತೆಗೆದಿರಬೇಕು. ಇಲ್ಲವಾದರೆ ಗೋಡೆ ನೆಟ್ಟಗಾಗುತ್ತದೆ, ಚಿತ್ರದಲ್ಲಿನ ಹಕ್ಕಿಯ ಬಾಲ ಹೋಗಿರುತ್ತದೆ.

ಇನ್ನು ಮರ. ಎಲೆಗಳ ನೆರಳು ಗೋಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದರೆ ಫೋನಿನ ಎಚ್‌ಡಿಆರ್ ಬಿಸಿಲನ್ನೂ ನೆರಳನ್ನೂ ಒಟ್ಟಿಗೆ ಸಮಾಧಾನ ಮಾಡಲು ಹೋಗಿ ಚಿತ್ರಕ್ಕೆ ತೊನ್ನು ಹಿಡಿಸುತ್ತದೆ. ಇಡೀ ಗೋಡೆ ಬಿಸಿಲಲ್ಲಿರಬೇಕು ಅಥವಾ ಇಡೀ ಗೋಡೆ ನೆರಳಲ್ಲಿರಬೇಕು. ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ. ಚಳಿಗಾಲದಲ್ಲಿ ಉತ್ತರದ ಗೋಡೆ ಇಡೀ ದಿನ ನೆರಳಲ್ಲೇ ಇದ್ದು ಸಾಧುವಾಗಿರುತ್ತದೆ. ಬಿಳಿ ಹಿನ್ನೆಲೆಯ ಚಿತ್ರವನ್ನು ಕ್ಯಾಮೆರಾ ಬೂದಿ ಬಣ್ಣಕ್ಕಿಳಿಸುತ್ತದೆ, ಅದಕ್ಕೆ ಎಕ್ಸ್‌ಪೋಷರನ್ನು, ಅಂದರೆ ಫೋಟೊದ ಬೆಳಕನ್ನು, +0.7 ರಷ್ಟು ಏರಿಸಬೇಕು.

ಇಷ್ಟೆಲ್ಲ ಪಾಠ ಕಲಿತು ಮಧ್ಯಾಹ್ನದ ಬಿಸಿಲಿಗೆ ಬೆನ್ನು ಹಾಕಿ ಹೊರಟವರನ್ನು ಒಂದು ಗೋಡೆ ಮಾತ್ರ ಪೇಚಿಗೆ ಸಿಕ್ಕಿಸುತ್ತದೆ. ಡಾಕು ಎಂಬ ಕಲಾವಿದ ಅಲ್ಲಿ ಬಣ್ಣ ಬಳಿಯುವ ಬದಲು ಗೋಡೆಯಿಂದ ಹೊರಚಾಚುವ ಅಕ್ಷರಗಳನ್ನು ಕೂರಿಸಿದ್ದಾನೆ. ಅವುಗಳ ನೆರಳು ಗೋಡೆಯ ಮೇಲೆ ಬಿದ್ದಾಗಲೇ ಪದ ಓದಲು ಸಿಗುವುದು. ಸೂರ್ಯ ಸರಿದಂತೆ ಪದವೂ ಸರಿಯುತ್ತದೆ. ಮೋಡ ಕವಿದ ದಿನ ‘ಆಹಾ, ಮೃದುವಾದ ಬೆಳಕು’ ಎಂದು ಹೋದರೆ ಸಿಗುವುದು ಮೊಳೆ ಹೊಡೆದಂಥ ಗೋಡೆ.

ಎಲ್ಲ ಸರಿಹೋದಾಗ ಒಬ್ಬ ಸಭ್ಯರು ಬರುತ್ತಾರೆ. ಚಿತ್ರದ ಅಳತೆ ತಿಳಿಯಲು ಗೋಡೆಯ ಮುಂದೆ ಒಬ್ಬ ಮನುಷ್ಯ ಹಾದುಹೋಗಬೇಕೆಂದು ನೀವು ಕಾಯುತ್ತಿದ್ದೀರಿ. ನಿಮ್ಮ ಫೋಟೊ ಕೆಡದಿರಲೆಂದು ಅವರು ಚೌಕಟ್ಟಿನ ಅಂಚಿನಲ್ಲೇ ನಿಂತು ಕಾಯುತ್ತಾರೆ, ಅದೂ ಅರ್ಧ ಹೊಟ್ಟೆಯಷ್ಟೇ ಒಳಗೆ. ನೀವು ‘ಹೋಗಿ’ ಎಂದು ಕೈಬೀಸಿದರೆ ಅವರು ‘ಪರವಾಗಿಲ್ಲ, ತಗೊಳ್ಳಿ’ ಎಂದು ಕೈಬೀಸುತ್ತಾರೆ. ಇದಕ್ಕಿರುವ ಮದ್ದು ಒಂದೇ: ಫೋನನ್ನು ಎದೆಯ ಮಟ್ಟಕ್ಕೆ ಇಳಿಸಿ ಆಕಾಶ ನೋಡುತ್ತಾ ನಿಲ್ಲುವುದು, ಅವರು ಗೋಡೆಯ ನಡುಭಾಗಕ್ಕೆ ಬಂದಾಗ ವಾಲ್ಯೂಮ್ ಬಟನ್ ಒತ್ತಿ ಹಿಡಿಯುವುದು. ಹಲವು ಫೋನುಗಳಲ್ಲಿ ಸೆಟ್ಟಿಂಗ್ ಬದಲಿಸಿದರೆ ಅದೇ ಬಟನ್ ಒಂದೇ ಬಾರಿಗೆ ಹತ್ತಾರು ಫೋಟೊ ತೆಗೆಯುತ್ತದೆ. ನಡೆಯುವವರಿಗೆ 1/250 ಸೆಕೆಂಡಿನ ಶಟರ್ ಸಾಕು, ಸ್ಕೂಟರಿಗೆ 1/500 ಬೇಕು. ನೆರಳಿನಲ್ಲಿ ಆಟೊ ಮೋಡ್ ತಾನಾಗಿ 1/60ಕ್ಕೆ ಇಳಿದು ಸಭ್ಯರ ಕಾಲುಗಳನ್ನು ಅಳಿಸಿಹಾಕುತ್ತದೆ. ಪನೋರಮಾ ಬೇಡವೇ ಬೇಡ. ಫೋನು ಎಡದಿಂದ ಬಲಕ್ಕೆ ತಿರುಗುವಾಗ ನಾಯಿಯೂ ಅದೇ ದಿಕ್ಕಿಗೆ ಓಡಿದರೆ ಆರು ಕಾಲು ಬರುತ್ತದೆ. ಎದುರಿನಿಂದ ಬಂದರೆ ಎರಡೇ ಉಳಿಯುತ್ತದೆ.

ಗೋಡೆಗಳ ಹಿಂದೆ ಸಂಸಾರಗಳಿವೆ, ಆದ್ದರಿಂದ ಕಿಟಕಿಗೆ ಝೂಮ್ ಬೇಡ. ಫೋಟೊವನ್ನು ಕ್ಯಾಲೆಂಡರಿಗೋ ಟೀಶರ್ಟಿಗೋ ಹಾಕಿ ಮಾರುವ ಯೋಚನೆಯಿದ್ದರೆ ಕಲಾವಿದರನ್ನು ಕೇಳಿ. ಸಾರ್ವಜನಿಕ ಜಾಗದ ಶಿಲ್ಪದ ಫೋಟೊಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೊಡುವ ರಿಯಾಯಿತಿಯನ್ನು ಪೇಂಟಿಂಗಿಗೆ ಕೊಟ್ಟಿಲ್ಲ.

ಕೊನೆಗೆ ಛೋಲೆ ಭಟೂರೆ. ತಿಂದ ಕೈಯಲ್ಲಿ ಫೋನು ಎತ್ತಿದರೆ ಎಣ್ಣೆ ನೇರ ಲೆನ್ಸಿಗೇ ಹತ್ತುತ್ತದೆ, ಬಿಸಿಲಿಗೆದುರಾಗಿ ತೆಗೆದ ಫೋಟೊಗಳೆಲ್ಲ ಹಾಲು ಚೆಲ್ಲಿದಂತೆ ಬರುತ್ತವೆ. ಪೇಪರ್ ನ್ಯಾಪ್‌ಕಿನ್ ಎಣ್ಣೆಯನ್ನು ಹರಡುತ್ತದೆ ಅಷ್ಟೆ. ಕನ್ನಡಕ ಒರೆಸುವ ಬಟ್ಟೆಗೆ ಒಂದು ಹನಿ ನೀರು ಹಾಕಿ ಒರೆಸಬೇಕು. ಒರೆಸಿದ ಮೇಲೂ ಮಬ್ಬು ಹೋಗದಿದ್ದರೆ ತಪ್ಪು ಲೆನ್ಸಿನದಲ್ಲ, ನೀವು ನವೆಂಬರಿನಲ್ಲಿ ಬಂದಿದ್ದೀರಿ.