ಚಿಕ್ಕಮ್ಮನ ಡ್ರಿಪ್ಪಿನಲ್ಲಿದ್ದ ಮರ

ಚಿಕ್ಕಮ್ಮನಿಗೆ ಕೀಮೋ ನಡೀತಿದ್ದಾಗ ನೋಡೋಕೆ ಬಂದವರೆಲ್ಲರದ್ದೂ ಒಂದೇ ರಾಗ. "ಆ ಕೆಮಿಕಲ್ ಯಾಕೆ ಹಾಕಿಸ್ಕೊಳ್ತೀರಿ? ನ್ಯಾಚುರಲ್ ಆಗಿ ಏನಾದ್ರೂ ನೋಡಿ." ಒಬ್ಬರಂತೂ ಕಷಾಯದ ಬಾಟಲಿಯನ್ನೇ ಹಿಡ್ಕೊಂಡು ಬಂದಿದ್ದರು.

ತಮಾಷೆ ಅಂದರೆ, ಡ್ರಿಪ್ಪಿನಲ್ಲಿ ಇಳೀತಿದ್ದದ್ದೂ ಮರದ ಔಷಧಿಯೇ. ಪ್ಯಾಕ್ಲಿಟ್ಯಾಕ್ಸೆಲ್. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ತಂದ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅಮೆರಿಕದ ರಸಾಯನಶಾಸ್ತ್ರಜ್ಞ ಮನ್ರೋ ವಾಲ್ ಜೊತೆ ಅದರ ರಚನೆ ಬಿಡಿಸಿದವರು ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾಣಿ. (ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿರುವ, ಕ್ಯಾನ್ಸರ್ ವಿರುದ್ಧ ಕೆಲಸ ಮಾಡುವ ಕ್ಯಾಂಪ್ಟೊಥೆಸಿನ್ ಅನ್ನೋ ವಸ್ತು ಕೂಡ ಮೊದಲು ಬೆಳಕಿಗೆ ಬಂದದ್ದು ಇವರ ಕೈಯಲ್ಲೇ, ಒಂದು ಚೀನೀ ಮರದಿಂದ.) ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗಲ್ಲ. ಅದಕ್ಕೇ ಹರಳೆಣ್ಣೆಯಿಂದ ಮಾಡಿದ ಒಂದು ದ್ರವ ಮತ್ತು ಆಲ್ಕೋಹಾಲ್‌ನಲ್ಲಿ ಬೆರೆಸಿರುತ್ತಾರೆ. ಒಂದು ಬಾಟಲಿ ಇಳಿಯೋಕೆ ಮೂರು ಗಂಟೆ. ಚಿಕ್ಕಮ್ಮನ ಬೆರಳ ತುದಿ ಜೋಮು ಹಿಡಿದು, ಮಲ್ಲಿಗೆ ಕಟ್ಟೋಕೂ ಆಗ್ತಿರಲಿಲ್ಲ.

ಯೂ ಕುಲದ್ದೇ ಇನ್ನೊಂದು ಮರ ನಮ್ಮ ಹಿಮಾಲಯದಲ್ಲೂ ಇದೆ. ಸುಮಾರು 1,800ರಿಂದ 3,300 ಮೀಟರ್ ಎತ್ತರದಲ್ಲಿ, ದೊಡ್ಡ ಮರಗಳ ನೆರಳಲ್ಲಿ. ಉತ್ತರಾಖಂಡದ ಗಢ್ವಾಲದವರು ಅದನ್ನ ಥುನೇರ್ ಅಂತಾರೆ. ಅಲ್ಲಿಯ ಜನ ತೊಗಟೆಯನ್ನು ಚಹಾಕ್ಕೆ ಹಾಕ್ತಿದ್ದರು, ಕೆಮ್ಮು ದಮ್ಮಿಗೂ ಬಳಸ್ತಿದ್ದರು. ಮರಕ್ಕೆ ಅದೇನೂ ದೊಡ್ಡ ಹೊರೆ ಆಗಿರಲಿಲ್ಲ. ಕ್ಯಾನ್ಸರ್ ಔಷಧಿಯ ಬೇಡಿಕೆ ಬಂತು ನೋಡಿ, ಲೆಕ್ಕವೇ ಬದಲಾಯ್ತು. ಒಣ ತೊಗಟೆಯಲ್ಲಿ ಈ ಔಷಧಿ ಇರೋದು ನೂರಕ್ಕೆ 0.01ರ ಆಸುಪಾಸು. ಅಂದರೆ ಒಂದು ಕಿಲೋ ಬೇಕಾದರೆ ಹತ್ತು ಸಾವಿರ ಕಿಲೋ ತೊಗಟೆ! ಸುತ್ತ ತೊಗಟೆ ಸುಲಿದರೆ ಮರ ಸಾಯುತ್ತೆ. ಬೆಳೆಯೋದು ತುಂಬಾ ನಿಧಾನ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಮೊಳೆಯೋಕೇ ಒಂದೆರಡು ವರ್ಷ ಬೇಕು.

1995ರಲ್ಲಿ ಈ ಹಿಮಾಲಯದ ಮರವನ್ನು ಸೈಟಿಸ್ ಅನ್ನೋ, ಅಪಾಯದಲ್ಲಿರೋ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿ, ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕಿದರು. ಒಳ್ಳೇದೇ. ಆದರೆ ನನ್ನ ಪ್ರಕಾರ ಮರದ ಮೇಲಿನ ಭಾರ ನಿಜಕ್ಕೂ ಇಳಿಸಿದ್ದು ಲ್ಯಾಬಿನಲ್ಲಿ ಕೂತವರು. ಯುರೋಪಿನ ಯೂ ಮರದ ಎಲೆಯಲ್ಲಿರೋ ವಸ್ತುವಿನಿಂದಲೇ ಔಷಧಿ ಮಾಡೋದು ಕಲಿತರು. ಎಲೆ ಕತ್ತರಿಸಿದರೆ ಮತ್ತೆ ಚಿಗುರುತ್ತೆ, ತೊಗಟೆ ಹಾಗಲ್ಲ. ಈಗ ಮರದ ಜೀವಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿಯೂ ತೆಗೀತಾರೆ. "ಕೆಮಿಕಲ್" ಅಂತ ನಾವು ಬೈತೀವಲ್ಲ, ಮರ ಉಳಿಸಿದ್ದೂ ಅದೇ ಕೆಮಿಸ್ಟ್ರಿ. ಇಷ್ಟಾದರೂ ನಮ್ಮ ಥುನೇರ್ ಇನ್ನೂ ಅಳಿವಿನಂಚಿನ ಪಟ್ಟಿಯಲ್ಲೇ ಇದೆ. ಸೌದೆಗೆ ಕಡಿಯೋದು ನಿಂತಿಲ್ಲ. ಟೊಂಗೆ ನೆಟ್ಟರೆ ಬೇರು ಬಿಡುತ್ತೆ, ಅಂದರೆ ಬೆಳೆಸೋಕೆ ದಾರಿ ಇದೆ. ಹಳ್ಳಿಯವರ ಕೈಗೆ ಸಸಿಯನ್ನೂ ಕೂಲಿಯನ್ನೂ ಕೊಡದೆ ಬರೀ ಕಾನೂನು ತೋರಿಸಿದರೆ ಏನು ಪ್ರಯೋಜನ?

ಇನ್ನೊಂದು ವಿಷಯ. ಇದನ್ನು ಓದಿ ಯಾರೂ ಥುನೇರ್ ಎಲೆ ಹುಡುಕ್ಕೊಂಡು ಹೋಗಬೇಡಿ, ಪ್ಲೀಸ್. ಎಲೆ, ಬೀಜ ಎರಡೂ ವಿಷ. ಹೃದಯವನ್ನೇ ನಿಲ್ಲಿಸುತ್ತೆ.

ಮೊನ್ನೆ ಚಿಕ್ಕಮ್ಮನಿಗೆ ಫೋನಿನಲ್ಲಿ ಆ ಮರದ ಫೋಟೋ ತೋರಿಸಿದೆ. ಕೆಂಪು ಹಣ್ಣು ನೋಡಿ, "ಎಷ್ಟು ಮುದ್ದಾಗಿದೆಯೇ" ಅಂದರು. ಒಳಗಿನ ಬೀಜ ವಿಷ ಚಿಕ್ಕಮ್ಮ, ಅಂದೆ.

"ನಂಗೆ ಮೂರು ವಾರಕ್ಕೊಂದ್ಸಲ ಏರಿಸಿದ್ದೇನು, ಅಮೃತಾನಾ?" ಅಂದು ನಕ್ಕರು.