ಎಲ್ಲರೂ ಬರೆದಿದ್ದಾರಲ್ಲ, ಮೇಡಂ!

ಭಾನುವಾರ ಸೋಮನಾಥಪುರದಿಂದ ಬಂದವಳಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬರೆದು ಹಾಕದಿದ್ದರೆ ಇವತ್ತೂ ಹತ್ತುವುದಿಲ್ಲ. ಉದ್ದವಾಗುತ್ತದೆ, ಓದಿ.

ಕೇಶವ ದೇವಾಲಯದ ಸುತ್ತ ಕೈಸಾಲೆ ಇದೆಯಲ್ಲ, ಸಾಲಾಗಿ 64 ಪುಟ್ಟ ಗುಡಿಗಳಿರುವುದು, ಅಲ್ಲಿ ಬಿಸಿಲು ತಪ್ಪಿಸಿಕೊಂಡು ಕೂತಿದ್ದೆ. ನಾಲ್ಕು ಕಂಬದ ಆಚೆ ಒಬ್ಬ ತಂದೆ, ಮಗ. ಹುಡುಗನಿಗೆ ಆರು ವರ್ಷ ಇರಬಹುದು. ತಂದೆ ಮಂಡಿಯೂರಿ ಮಗನ ಬೆನ್ನ ಹಿಂದೆ ಕೂತು, ಅವನ ಪುಟ್ಟ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನಿಧಾನಕ್ಕೆ ಏನೋ ತಿದ್ದಿಸುತ್ತಿದ್ದರು. ದೂರದಿಂದ ನೋಡಿದರೆ ತಟ್ಟೆಯಲ್ಲಿ ಅಕ್ಕಿ ಹರವಿ ಅಕ್ಷರಾಭ್ಯಾಸ ಮಾಡಿಸುತ್ತಾರಲ್ಲ, ಥೇಟ್ ಹಾಗೆ. ಎಷ್ಟು ಚೆಂದ ಅಂದುಕೊಂಡೆ. ಎದ್ದು ಹತ್ತಿರ ಹೋದಾಗ ಕಂಡಿತು, ಆ ಹುಡುಗನ ಬೆರಳ ನಡುವೆ ಕಾರಿನ ಕೀ. ಕಂಬದ ಮೇಲೆ ಅವನ ಹೆಸರಿನ ಮೊದಲ ಎರಡು ಅಕ್ಷರ ಆಗಲೇ ಬಿಳಿಯಾಗಿ ಮೂಡಿದ್ದವು.

"ಏನ್ ಸಾರ್ ಮಾಡ್ತಿದೀರಿ?" ಅಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು.

ಅವರು ಗಾಬರಿಯಾಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕಂಬದ ಮೇಲೆ ಕೈಯಾಡಿಸಿ ಹತ್ತಾರು ಹೆಸರು ತೋರಿಸಿ, "ಎಲ್ಲರೂ ಬರೆದಿದ್ದಾರಲ್ಲ ಮೇಡಂ, ನಮ್ಮದೊಂದೇ ಹೆಚ್ಚಾಯ್ತಾ?" ಅಂದರು.

ಈ ಮಾತು ಹಿಡಿದುಕೊಂಡೇ ನಾನು ರಾತ್ರಿಯೆಲ್ಲ ಹೊರಳಾಡಿದ್ದು.

ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬರುತ್ತಾ ಗಟ್ಟಿಯಾಗುತ್ತದೆ. ಆ ಮೆತ್ತಗಿನ ಗುಣದಿಂದಲೇ ಕಿವಿಯೋಲೆಯ ಒಂದೊಂದು ಮುತ್ತನ್ನೂ ಬಿಡಿಸಿ ಕೆತ್ತಲಿಕ್ಕಾಗಿದ್ದು. ಗಟ್ಟಿಯಾದ ಮೇಲೂ ಅದು ಚಿತ್ರದುರ್ಗದ ಬಂಡೆಯಂಥ ಕಲ್ಲಲ್ಲ, ಕಬ್ಬಿಣದ ಮೊನೆ ತಾಗಿದರೆ ಗೀರು ಬೀಳುತ್ತದೆ. ದುರ್ಗದ ಬಂಡೆಗೆ ಕೀ ಹತ್ತುವುದಿಲ್ಲ, ಅಲ್ಲಿಗೆ ಬಣ್ಣದ ಡಬ್ಬ ತರುತ್ತಾರೆ. ಎಣ್ಣೆ ಬಣ್ಣದಲ್ಲಿ ಬಾಣ ಚುಚ್ಚಿದ ಹೃದಯ, ಎರಡು ಹೆಸರು, ಒಂದು ತಾರೀಖು. ಬಾದಾಮಿಯ ಕೆಂಪು ಮರಳುಗಲ್ಲಿಗಂತೂ ಒಂದು ಚೂಪುಗಲ್ಲಿದ್ದರೆ ಸಾಕು.

ನಾನು ಕನ್ನಡ ಮೇಷ್ಟರ ಮಗಳು ಅಂತ ನಿಮಗೆಲ್ಲ ಗೊತ್ತು. ಕಲ್ಲಿನ ಮೇಲಿನ ಅಕ್ಷರ ಅಂದರೆ ನಮ್ಮ ಮನೆಯಲ್ಲಿ ದೇವರ ಸಮ. ನನ್ನ ಸಂಕಟ ಬರೀ ಗೀಚುವುದರ ಬಗ್ಗೆ ಅಲ್ಲ. ಅದೇ ಗುಡಿಯಲ್ಲಿ ಇನ್ನೊಂದು ಬಗೆಯ ಹೆಸರುಗಳಿವೆ, ಅವನ್ನು ಒಬ್ಬರೂ ಓದುವುದಿಲ್ಲ. ಹೊರಗೋಡೆಯ ವಿಗ್ರಹಗಳ ಪಾದದ ಕೆಳಗೆ, ಪೀಠದ ಪಟ್ಟಿಯ ಮೇಲೆ ನೋಡಿ. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ, ಭರ್ಮಯ. ಮೂರನೆಯ ನರಸಿಂಹನ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ ಗುಡಿ ಇದು ಅಂತ ಗೈಡುಗಳು ಹೇಳುತ್ತಾರೆ. ಕಟ್ಟಿದ ಕೈಗಳ ಹೆಸರು ಕಣ್ಣೆದುರಿಗೇ ಇದೆ, ಅಚ್ಚಗನ್ನಡದಲ್ಲಿದೆ. ಮಲ್ಲಿತಮ್ಮ ಕೆಲವು ಕಡೆ ಪೂರ್ತಿ ಹೆಸರು ಹಾಕಿದ್ದಾನೆ, ಕೆಲವು ಕಡೆ ಬರೀ 'ಮಲ್ಲಿ', ಕೆಲವು ಕಡೆ ಒಂದೇ ಒಂದು 'ಮ'. ತರೀಕೆರೆ ಹತ್ತಿರದ ಅಮೃತಾಪುರದ ಗುಡಿಯ ಕೆಲಸದಲ್ಲೂ ಇವನ ಹೆಸರು ಕೇಳಿಬರುತ್ತದೆ. ಅದು 1196ರ ಗುಡಿ. ಅಂದರೆ ಹುಡುಗನಾಗಿ ಉಳಿ ಹಿಡಿದವನು ಮುದುಕನಾಗಿ ಸೋಮನಾಥಪುರಕ್ಕೆ ಬಂದಿರಬೇಕು. ಆ ಒಂಟಿ 'ಮ' ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ರೂವಾರಿ ಅನ್ನೋ ಮಾತು ಈಗಲೂ ಪತ್ರಿಕೆಯಲ್ಲಿ ದಿನಾ ಕಾಣುತ್ತದೆ, 'ಗೆಲುವಿನ ರೂವಾರಿ', 'ಯೋಜನೆಯ ರೂವಾರಿ' ಅಂತ. ಶಾಸನಗಳಲ್ಲಿ ರೂವಾರಿ ಅಂದರೆ ಶಿಲ್ಪಿ. ಬೇಲೂರಿನಲ್ಲಿ ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ರೂವಾರಿಗಳು. ಕುತ್ತಿಗೆ ನೋಯುವ ತನಕ ಮೇಲೆ ನೋಡಿ ಮದನಿಕೆಯ ಫೋಟೊ ತೆಗೆಯುತ್ತೇವೆ, ಅಪ್ಪ ಮಗ ಹಾಕಿದ ಸಹಿಯನ್ನು ಕೇಳುವುದೇ ಇಲ್ಲ. ಪಟ್ಟದಕಲ್ಲಿನಲ್ಲೂ ಅಷ್ಟೆ. ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿ. ಅವನಿಗೆ ಕೊಟ್ಟ 'ತ್ರಿಭುವನಾಚಾರಿ' ಅನ್ನೋ ಬಿರುದನ್ನು ಅದೇ ಗುಡಿಯ ಕಲ್ಲಿನಲ್ಲಿ ಬರೆಸಿದ್ದಾರೆ.

ಇದನ್ನೇ ಸಂಜೆ ವಾಟ್ಸಾಪಿನಲ್ಲಿ ಹೇಳಿಕೊಂಡರೆ ಒಬ್ಬ ಗೆಳತಿ ಕೇಳಿದಳು, "ಹಾಗಾದ್ರೆ ಅವರು ಹೆಸರು ಕೆತ್ತಬಹುದು, ಜನಸಾಮಾನ್ಯರು ಕೆತ್ತಬಾರದಾ? ಶ್ರವಣಬೆಳಗೊಳದ ಬೆಟ್ಟದಲ್ಲಿ ಯಾತ್ರಿಕರ ಹೆಸರುಗಳಿಲ್ವಾ? ಅದನ್ನ ಶಾಸನ ಅಂತೀರಿ, ಇದನ್ನ ಗೀಚು ಅಂತೀರಿ." ಪ್ರಶ್ನೆ ನ್ಯಾಯವಾಗಿದೆ ಅಂತ ಅರ್ಧ ಗಂಟೆ ಯೋಚಿಸಿದೆ. ಆಮೇಲೆ ಇಲ್ಲ ಅನ್ನಿಸಿತು. ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟಕ್ಕೆ ಆ ಯಾತ್ರಿಕರು ತಿಂಗಳುಗಟ್ಟಲೆ ನಡೆದು ಬಂದವರು, ಹೆಸರು ಬಿಟ್ಟುಹೋದದ್ದು ಬೆಟ್ಟದ ಬಂಡೆಯ ಮೇಲೆ. ಇನ್ನೊಬ್ಬ ವರ್ಷಗಟ್ಟಲೆ ಕೂತು ನಯ ಮಾಡಿದ ಕಂಬಕ್ಕೆ ಕೀ ಹಾಕಿದ್ದಲ್ಲ. ಮಲ್ಲಿತಮ್ಮ ಸಹಿ ಹಾಕಿದ್ದು ತಾನು ಮಾಡಿದ ಕೆಲಸಕ್ಕೆ. ನಾವು ಏನು ಮಾಡಿದ್ದೇವೆ? ಟಿಕೆಟ್ ತೆಗೆದುಕೊಂಡಿದ್ದೇವೆ.

ಪರರ ಗುಡಿಯಲ್ಲಿ ಬರೆಸಿದವನ ಕತೆಯೂ ಒಂದಿದೆ. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದು ಒಳಗೆ ಹೋದ. ಆ ಗೆಲುವಿನ ನೆನಪಿಗೇ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಗುಡಿ ಕಟ್ಟಿಸಿದ್ದು. ಕಂಚಿಯ ಕೈಲಾಸನಾಥ ಗುಡಿಯ ಕಂಬವೊಂದರಲ್ಲಿ ಅವನ ಕನ್ನಡ ಶಾಸನ ಇವತ್ತಿಗೂ ಇದೆ. ಗೆದ್ದ ಊರಿನ ದೇವರ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ ಅಂತ ಅದರಲ್ಲಿದೆ. ಕಂಚಿಗೆ ಹೋಗಿ ರೇಷ್ಮೆ ಸೀರೆ ತರುವ ನಾವೆಲ್ಲ ಒಮ್ಮೆ ಆ ಕಂಬದ ಮುಂದೆ ನಿಲ್ಲಬೇಕು. ತಮಿಳು ನಾಡಿನ ನಡುವೆ, ಸಾವಿರದ ಇನ್ನೂರೈವತ್ತು ವರ್ಷಕ್ಕೂ ಹಳೆಯ ನಮ್ಮ ಅಕ್ಷರ!

ಕಾನೂನು ಇಲ್ಲ ಅಂತಲ್ಲ. 1958ರ ಕಾಯ್ದೆ ಇದೆ, 2010ರಲ್ಲಿ ತಿದ್ದುಪಡಿಯೂ ಆಯಿತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಇಲ್ಲೇ ಎಷ್ಟು ಸಂಭ್ರಮಪಟ್ಟೆವು, ನೆನಪಿದೆಯಾ? ಒಬ್ಬ ಕಾವಲುಗಾರ ಎಷ್ಟು ಕಂಬ ಕಾಯ್ತಾನೆ ಹೇಳಿ.

ಈಗ ಒಂದು ಮಾತು. ಯಾರ ಹತ್ತಿರವೂ ಹೇಳಿದ್ದಲ್ಲ.

ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಹಳೇಬೀಡಿಗೆ ಹೋಗಿದ್ದೆವು. ಜಾಮಿಟ್ರಿ ಬಾಕ್ಸಿನ ಕೈವಾರ ಲಂಗದ ಜೇಬಿನಲ್ಲಿತ್ತು. ಗೆಳತಿಯರು ನೋಡುತ್ತಿದ್ದರು, ನಂದಿ ಮಂಟಪದ ಒಂದು ಕಂಬದ ಬುಡದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಕೊರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮದುವೆಯಾದ ಮೇಲೆ ಇವರ ಜೊತೆ ಹೋದಾಗ ಚಪ್ಪಲಿ ಬಿಟ್ಟವಳೇ ಮೊದಲು ಅದನ್ನು ಹುಡುಕಿಕೊಂಡು ಹೋದೆ. ಇತ್ತು. ಧೂಳು ಕೂತು ಕಪ್ಪಾಗಿ, ಇನ್ನೂ ಹಾಗೇ ಇತ್ತು. ಅಪ್ಪ ನನಗೆ ಹಳಗನ್ನಡ ಓದಲು ಕಲಿಸಿದವರು. ಅವರಿಗೆ ಇದನ್ನು ಕೊನೆಯ ತನಕ ಹೇಳಲಿಲ್ಲ. ಅದಕ್ಕೇ ಭಾನುವಾರ ಆ ತಂದೆಯ ಮೇಲೆ ಕೂಗಾಡುವಾಗ ನನ್ನ ಕೈ ನಡುಗುತ್ತಿತ್ತು.

ಹುಡುಗ ಅಳುವಂತಾಗಿದ್ದ. ಅವನ ತಪ್ಪೇನು? "ಬಾ ಪುಟ್ಟಾ, ನಿನಗೊಂದು ತೋರಿಸ್ತೀನಿ" ಅಂದೆ. ತಂದೆಯೂ ಸುಮ್ಮನೆ ಹಿಂದೆ ಬಂದರು. ಜಗಲಿ ಹತ್ತಿ, ಒಂದು ವಿಗ್ರಹದ ಪೀಠದ ಹತ್ತಿರ ನಿಂತು, ಫೋನಿನ ಟಾರ್ಚ್ ಹಾಕಿ ಕಲ್ಲಿಗೆ ಒತ್ತಾಗಿ ಪಕ್ಕದಿಂದ ಹಿಡಿದೆ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ, ಓರೆಯಾಗಿ ಬಿಟ್ಟರೆ ಅಕ್ಷರದ ಗುಂಡಿಯಲ್ಲಿ ನೆರಳು ತುಂಬಿ ಎದ್ದು ಬರುತ್ತದೆ. ಸೀಮೆಸುಣ್ಣ, ಹಿಟ್ಟು ಏನೂ ಉಜ್ಜಬೇಕಾಗಿಲ್ಲ, ಉಜ್ಜಲೂಬಾರದು. ಹುಡುಗ ಮೂಗು ತಾಗುವಷ್ಟು ಹತ್ತಿರ ಮುಖ ತಂದ.

"ಆಂಟಿ, ಇದು ಮ!" ಅಂದ.

"ಅದನ್ನ ಬರೆದ ತಾತ ಈ ಬೊಂಬೆ ಮಾಡಿದ್ದು" ಅಂದೆ. ಅವನು ಬೊಂಬೆ ನೋಡಿದ, ಮತ್ತೆ ಅಕ್ಷರ ನೋಡಿದ, ಟಾರ್ಚ್ ನನಗೆ ಕೊಡಿ ಅಂತ ಕೈ ಚಾಚಿದ. ಅವನ ತಂದೆ ಒಂದು ಮಾತೂ ಆಡಲಿಲ್ಲ.

ಅವರು ಹೋದ ಮೇಲೆ ನಾನೊಬ್ಬಳೇ ಕೈಸಾಲೆಗೆ ವಾಪಸ್ ಹೋದೆ. ಸೆರಗಿನ ತುದಿ ನೀರಿನಲ್ಲಿ ಅದ್ದಿ ಆ ಎರಡು ಅಕ್ಷರದ ಮೇಲೆ ಮೆಲ್ಲಗೆ ಒರೆಸಿದೆ. ಬಿಳಿ ಪುಡಿ ಬಟ್ಟೆಗೆ ಅಂಟಿಕೊಂಡು ಬಂತು. ಗೀರು ಹಾಗೇ ಉಳಿಯಿತು.