ಸೋಫಾ ಮೇಲೆ ಸೂಪು

ಮೊಣಕಾಲಿನ ಮಟ್ಟದ ಟೀಪಾಯಿ ಮೇಲೆ ಬಿಸಿ ಬಿಸಿ ಸೂಪು ತಂದಿಟ್ಟು "ಎಂಜಾಯ್ ಮ್ಯಾಮ್" ಅಂದು ಹೋಗುವವರಿಗೆ ಏನು ಹೇಳಬೇಕು? ನಿನ್ನೆ ರಾತ್ರಿಯಿಂದ ಯೋಚಿಸುತ್ತಿದ್ದೇನೆ. ಸೊಂಟ ಇನ್ನೂ ಹಿಡಿದುಕೊಂಡಿದೆ, ಹಾಗಾಗಿ ಕೋಪವೂ ಇಳಿದಿಲ್ಲ. ಸ್ವಲ್ಪ ಉದ್ದದ ಪೋಸ್ಟು, ಸಹಿಸಿಕೊಳ್ಳಿ.

ತಂಗಿ ಮಗಳಿಗೆ ಮೊದಲ ಸಂಬಳ ಬಂತು. ಇಂಟೀರಿಯರ್ ಡಿಸೈನ್ ಓದಿದ ಹುಡುಗಿ. ಅಜ್ಜಿಗೆ, ಅಮ್ಮನಿಗೆ, ದೊಡ್ಡಮ್ಮನಾದ ನನಗೆ, ಮೂವರಿಗೂ ಒಳ್ಳೆ ಕಡೆ ಊಟ ಕೊಡಿಸಬೇಕು ಅಂತ ಹಟ. ಕರೆದುಕೊಂಡು ಹೋಗಿದ್ದು ಒಂದು ಫರ್ನಿಚರ್ ಶೋರೂಮಿಗೆ. ಬೆಂಗಳೂರಿನಲ್ಲೇ ಇದೆ, ಹೆಸರು ಬೇಡ. ಕೆಳಗೆ ಸೋಫಾ, ಮೇಲೆ ಮಂಚ, ನಡುವೆ ರೆಸ್ಟೋರೆಂಟು. ಈಗ ಇದು ಫ್ಯಾಷನ್ ಅಂತೆ.

ನೋಡಲು ಚೆನ್ನಾಗಿಲ್ಲ ಅಂತ ಹೇಳಿದರೆ ನಾಲಿಗೆ ಬಿದ್ದು ಹೋಗುತ್ತೆ. ಕಣ್ಣು ತುಂಬುವಷ್ಟು ಚೆನ್ನಾಗಿದೆ. ತಲೆ ಮೇಲೆ ಬೆತ್ತದ ದೊಡ್ಡ ದೀಪ, ಗೋಡೆಗೆ ಸುಣ್ಣದ ಗಾರೆ, ಮೂಲೆಯಲ್ಲಿ ನಿಜವಾದ ಮರ. ಎಲ್ಲದಕ್ಕೂ ಒಂದೊಂದು ಪುಟ್ಟ ಚೀಟಿ. ದೀಪಕ್ಕೆ ಬೆಲೆ ಇದೆ, ಹೂದಾನಿಗೆ ಬೆಲೆ ಇದೆ, ನಾವು ಕೂರಬೇಕಾದ ಸೋಫಾಗೂ ಇದೆ. ಸೋಫಾದ ಬೆಲೆ ನೋಡಿದ ನಮ್ಮಮ್ಮ ಒಂದು ನಿಮಿಷ ಕೂರಲೇ ಇಲ್ಲ. ಆಮೇಲೆ ಕೂತರು. ಕೂತವರು ಹಿಂದೆ ಹಿಂದೆ ಹೋಗುತ್ತಲೇ ಇದ್ದರು, ಕಾಲು ನೆಲ ಬಿಟ್ಟಿತು. "ಇದು ಕೂರೋದಾ, ಮಲಗೋದಾ?" ಅಂತ ಕೇಳಿದರು. ವೇಟರ್ ಹುಡುಗ ನಕ್ಕ. ಮೊಮ್ಮಗಳು ನಗಲಿಲ್ಲ.

ನನ್ನ ತಕರಾರು ಒಂದೇ. ಅದು ಊಟ ಮಾಡುವ ಕುರ್ಚಿ ಅಲ್ಲ, ಊಟ ಮಾಡುವ ಮೇಜೂ ಅಲ್ಲ. ಶೋರೂಮಿನಲ್ಲಿ ಏನು ಮಾರಬೇಕೋ ಅದರ ಮೇಲೆ ನಮ್ಮನ್ನು ಕೂರಿಸಿದ್ದಾರೆ. ಊಟಕ್ಕೆ ಏನು ಬೇಕು ಅಂತ ಯಾರೂ ಕೇಳಿಕೊಂಡೇ ಇಲ್ಲ.

ನಮ್ಮಪ್ಪನ ಮರಗೆಲಸದ ಅಂಗಡಿ ನೋಡಿದವರು ಇಲ್ಲಿ ಸುಮಾರು ಜನ ಇದ್ದೀರಿ. ಅವರು ಡಿಸೈನ್ ಓದಿದವರಲ್ಲ. ಯಾರಾದರೂ ಊಟದ ಮೇಜು ಮಾಡಿಸಲು ಬಂದರೆ ಮೊದಲು ಸ್ಟೂಲ್ ಮೇಲೆ ಕೂರಿಸುತ್ತಿದ್ದರು. ಮೊಣಕೈ ಮಡಚಿ ಅನ್ನುತ್ತಿದ್ದರು. ಕಿವಿ ಹಿಂದಿನ ಪೆನ್ಸಿಲ್ ತೆಗೆದು ಗೋಡೆ ಮೇಲೆ ಒಂದು ಗೆರೆ. ಅಷ್ಟೇ. ಆಮೇಲೆ ತೇಗವೋ ಹಲಸೋ ಅನ್ನುವ ಮಾತು. ಮೇಜು ಮೊಣಕೈ ಮಟ್ಟಕ್ಕೆ ಬರಬೇಕು, ಕೂತಾಗ ಪಾದ ನೆಲಕ್ಕೆ ತಾಗಬೇಕು, ಬೆನ್ನು ಹಿಂದಕ್ಕೆ ಮುಟ್ಟಬೇಕು. ಗೋಡೆ ತುಂಬಾ ಊರವರ ಮೊಣಕೈ ಗೆರೆಗಳು.

ಇವತ್ತಿನ ಅಳತೆಯೂ ಬೇರೆ ಏನಲ್ಲ. ಊಟದ ಮೇಜು ನೆಲದಿಂದ ಸುಮಾರು 30 ಇಂಚು. ಕುರ್ಚಿಯ ಸೀಟು 18 ಇಂಚು. ನಡುವೆ ಒಂದು ಅಡಿ. ಆ ಒಂದು ಅಡಿ ಇದ್ದರೆ ತಟ್ಟೆ ಬಾಯಿಗೆ ಹತ್ತಿರ, ತೊಡೆಗೆ ದೂರ. ನಿನ್ನೆ ನನ್ನ ಮುಂದಿದ್ದ ಟೀಪಾಯಿ 16 ಇಂಚು. ಹೌದು, ಅಳೆದೆ. ನನ್ನ ಬ್ಯಾಗಿನಲ್ಲಿ ಟೇಪ್ ಇರುತ್ತೆ ಅಂತ ಗೊತ್ತಿರುವವರು ನಗಬೇಡಿ. ಸೋಫಾ 15 ಇಂಚು, ಕೂತ ಮೇಲೆ ಎಷ್ಟಾಗುತ್ತೋ ಆ ದೇವರೇ ಬಲ್ಲ. ಸೀಟಿನ ಆಳ ಎರಡು ಅಡಿಗಿಂತ ಜಾಸ್ತಿ. ಬೆನ್ನು ಒರಗಿಸಿದರೆ ತಟ್ಟೆ ಸಿಗಲ್ಲ, ತಟ್ಟೆ ಹಿಡಿದರೆ ಬೆನ್ನಿಗೆ ಆಸರೆ ಇಲ್ಲ.

"ದೊಡ್ಡಮ್ಮ, ಪ್ಲೀಸ್, ಆ ಟೇಪ್ ಒಳಗಿಡಿ" ಅಂದಳು ಹುಡುಗಿ. ಒಳಗಿಟ್ಟೆ. ಅವಳ ಸಂಬಳದ ದುಡ್ಡು, ಪಾಪ.

ಸೂಪು ನಿಜಕ್ಕೂ ರುಚಿಯಾಗಿತ್ತು, ಸುಳ್ಳು ಹೇಳಲ್ಲ. ಹುರಿದ ಕುಂಬಳಕಾಯಿದು. ಆದರೆ ಬಟ್ಟಲಿನಿಂದ ಬಾಯಿಗೆ ಚಮಚ ಬರಬೇಕಾದರೆ ಮೊಣಕಾಲು ದಾಟಿ, ಸೆರಗು ದಾಟಿ, ಎರಡು ಅಡಿ ಪ್ರಯಾಣ. ಅರ್ಧ ದಾರಿಯಲ್ಲಿ ನಾನೇ ಬಗ್ಗಿ ಎದುರುಗೊಳ್ಳಬೇಕು. ತಂಗಿ ಮೈಸೂರು ಸಿಲ್ಕ್ ಉಟ್ಟು ಬಂದಿದ್ದಳು. ಮಡಿಲಲ್ಲಿ ಒಂದು ನ್ಯಾಪ್‌ಕಿನ್, ಎದೆಗೆ ಒಂದು, ಸೋಫಾ ಅಂಚಿಗೆ ಇನ್ನೊಂದು. ವೇಟರ್ ಕೇಳದೆಯೇ ತಂದುಕೊಟ್ಟ. ಅಂದರೆ ಇದು ದಿನಾ ನಡೆಯುವ ಕಥೆ, ಅಲ್ವಾ? ನ್ಯಾಪ್‌ಕಿನ್ ಜಾಸ್ತಿ ಕೊಡಬೇಕು ಅಂತ ಅವರಿಗೆ ಹೊಳೆದಿದೆ. ಮೇಜು ಎತ್ತರ ಮಾಡಬೇಕು ಅಂತ ಹೊಳೆದಿಲ್ಲ.

ಸೋಫಾದ ಬಟ್ಟೆ ಬೇರೆ ಕೆನೆ ಬಿಳಿ. ಗುಂಗುರು ಗುಂಗುರು ನೂಲಿನದು, ಬೂಕ್ಲೆ ಅಂತೆ. ಒಂದು ಹನಿ ಬಿದ್ದರೆ ಒಳಗೆಲ್ಲ ಇಳಿಯುತ್ತೆ. ಆಗ ಮೆನು ಇನ್ನೊಂದು ಸಲ ನೋಡಿದೆ. ಬಿಳಿ ಸಾಸಿನ ಪಾಸ್ತಾ, ಬುರಾಟಾ ಅನ್ನುವ ಬಿಳಿ ಚೀಸು, ಮೆತ್ತಗೆ ಬೇಯಿಸಿದ ಅನ್ನದ ಅಣಬೆ ರಿಸೋಟೊ, ಬಿಳಿ ಚಾಕೊಲೇಟಿನ ಯಾವುದೋ ಸಿಹಿ. ಇಡೀ ಮೆನುವಿನಲ್ಲಿ ಅರಿಶಿನ ಬಿದ್ದ ಒಂದು ಪದಾರ್ಥ ಇಲ್ಲ. ಶೆಫ್ ಆರಿಸಿದ ಮೆನು ಅಂತ ಕೆಳಗೆ ಬರೆದಿದ್ದರು. ನನಗಂತೂ ಸೋಫಾ ಆರಿಸಿದ್ದು ಅನ್ನಿಸಿತು. ರಿಸೋಟೊ ಬಂದಾಗ ಅಮ್ಮ ಒಂದು ಚಮಚ ತಿಂದು, "ಪೊಂಗಲ್ಲಿಗೆ ಮೆಣಸು ಹಾಕೋದು ಮರೆತಿದ್ದಾರೆ ಕಣೇ" ಅಂದರು. ಪೂರ್ತಿ ತಿಂದರು, ಅದು ಬೇರೆ ಮಾತು.

ಹುಡುಗಿ ಸುಮ್ಮನಿರುವವಳಲ್ಲ. ಫೋನ್ ತೆಗೆದು ಶಿಕಾಗೋದ ಫೋಟೋ ತೋರಿಸಿದಳು. ಅಲ್ಲಿ ಆರ್‌ಎಚ್ ಅನ್ನುವ ದುಬಾರಿ ಫರ್ನಿಚರ್ ಕಂಪನಿ 2015ರಲ್ಲಿ ಒಂದು ಹಳೇ ಕಟ್ಟಡದಲ್ಲಿ ಶೋರೂಮ್ ತೆರೆದು, ನಡುವಿನ ಅಂಗಳಕ್ಕೆ ಗಾಜಿನ ಸೂರು ಹಾಕಿ, ಕಾರಂಜಿ ಸುತ್ತ ರೆಸ್ಟೋರೆಂಟ್ ಮಾಡಿದೆ. ನೂರು ವರ್ಷದ ಹಿಂದೆ ಸಂಗೀತ, ಚಿತ್ರಕಲೆ, ನಾಟಕ ಕಲಿಯುವ ಹೆಣ್ಣುಮಕ್ಕಳು ಉಳಿದುಕೊಳ್ಳಲಿ ಅಂತ ಕಟ್ಟಿದ ಮನೆಯಂತೆ ಅದು. ಅದಕ್ಕೇ ಹೋಟೆಲಿಗೂ 3 ಆರ್ಟ್ಸ್ ಕ್ಲಬ್ ಕೆಫೆ ಅಂತ ಹೆಸರು. ಆ ಕಂಪನಿ ಈಗ ಬೇರೆ ಊರುಗಳಲ್ಲೂ ಹೀಗೇ ಮಾಡಿದೆ. "ಇಡೀ ಪ್ರಪಂಚ ಇದನ್ನೇ ಮಾಡ್ತಿದೆ ದೊಡ್ಡಮ್ಮ" ಅಂದಳು. ಮಾಡಲಿ. ಶಿಕಾಗೋದ ಕುರ್ಚಿಯಲ್ಲಿ ನಾನು ಕೂತಿಲ್ಲ, ಅದರ ಮೇಲೆ ನನಗೆ ಜಗಳವಿಲ್ಲ. ಫೋಟೋದಲ್ಲಿ ಯಾರ ಸೊಂಟ ನೋಯುತ್ತಿದೆ ಅಂತ ಕಾಣಲ್ಲ, ಅಷ್ಟೇ.

ಅದೇ ಶಿಕಾಗೋದ ಇನ್ನೊಂದು ಕಥೆ ನಾನು ಅವಳಿಗೆ ಹೇಳಿದೆ. 1890ರ ಸುಮಾರಿನಲ್ಲಿ ಮಾರ್ಷಲ್ ಫೀಲ್ಡ್ಸ್ ಅನ್ನುವ ದೊಡ್ಡ ಅಂಗಡಿಯ ಟೋಪಿ ವಿಭಾಗದಲ್ಲಿ ಮಿಸೆಸ್ ಹೆರಿಂಗ್ ಅಂತ ಒಬ್ಬಾಕೆ ಇದ್ದರು. ಊಟಕ್ಕೆ ಅಂತ ಗಿರಾಕಿಗಳು ಅಂಗಡಿ ಬಿಟ್ಟು ಹೋಗುವುದನ್ನು ನೋಡಿ, ಮನೆಯಿಂದ ತಂದ ಕೋಳಿ ಪೈ ಅವರಿಗೇ ಕೊಟ್ಟರಂತೆ. ಅಲ್ಲಿಂದ ಅಂಗಡಿಯೊಳಗೆ ಟೀ ರೂಮು ಶುರುವಾಯಿತು. 1907ರಲ್ಲಿ ಅದೇ ಅಂಗಡಿಯ ವಾಲ್‌ನಟ್ ರೂಮ್ ಬಂತು. ಫರ್ನಿಚರ್ ಮಾರುವ ಐಕಿಯಾದವರದೂ ಇದೇ ಲೆಕ್ಕ. ಸ್ವೀಡನ್ನಿನ ಎಲ್ಮ್‌ಹುಲ್ಟ್ ಊರಿನಲ್ಲಿ 1958ರಲ್ಲಿ ಮೊದಲ ಅಂಗಡಿ, 1960ರಲ್ಲಿ ಅದರೊಳಗೆ ಹೋಟೆಲು. ಹಸಿದ ಗಿರಾಕಿ ಮನೆಗೆ ಓಡುತ್ತಾನೆ, ಹೊಟ್ಟೆ ತುಂಬಿದವನು ಇನ್ನೊಂದು ಕಪಾಟು ನೋಡುತ್ತಾನೆ. ವ್ಯಾಪಾರವೇ, ಒಪ್ಪಿದೆ. ಆದರೆ ಅಲ್ಲಿ ಮೊದಲು ಬಂದಿದ್ದು ಗಿರಾಕಿಯ ಹಸಿವು. ಇಲ್ಲಿ ಮೊದಲು ಬಂದಿದ್ದು ಸೋಫಾ.

ನಾಗಸಂದ್ರದ ಐಕಿಯಾ 2022ರಲ್ಲಿ ತೆರೆದಾಗ ಇದೇ ಅಮ್ಮನನ್ನು ಮೆಟ್ರೋದಲ್ಲಿ ಕರೆದುಕೊಂಡು ಹೋಗಿದ್ದೆ. ಸಾವಿರ ಜನ ಕೂರುವ ಕ್ಯಾಂಟೀನು. ಟ್ರೇ ತಳ್ಳಿಕೊಂಡು ಹೋಗಬೇಕು, ಗಲಾಟೆ, ಮಕ್ಕಳ ಅಳು. ಸ್ಟೈಲು ಗೀಲು ಏನಿಲ್ಲ. ಆದರೆ ನೆಟ್ಟಗೆ ಕೂರುವ ಕುರ್ಚಿ, ಎದೆ ಕೆಳಗೆ ಬರುವ ಮೇಜು. ಅಮ್ಮ ಸಮೋಸ ತಿಂದು, ಕಾಫಿ ಕುಡಿದು, ಆರಾಮಾಗಿ ಎದ್ದು ಬಂದರು. ನಿನ್ನೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಭಾವನ ಹತ್ತಿರ ಇದೆಲ್ಲ ಹೇಳಿದರೆ ಅವರದೊಂದು ಪಾಯಿಂಟು. "ಮದುವೆ ಮನೇಲಿ ನೆಲದ ಮೇಲೆ ಎಲೆ ಹಾಕಿಸಿಕೊಂಡು ಉಣ್ಣಲ್ವಾ? ಅಲ್ಲಿ ಬಗ್ಗಲ್ವಾ?" ಬಗ್ಗುತ್ತೇವೆ ಭಾವ. ಆದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿದಾಗ ಮಂಡಿ ಎರಡೂ ಆಚೀಚೆ ಮಲಗಿರುತ್ತೆ. ಎಲೆಗೂ ನನಗೂ ನಡುವೆ ಏನೂ ಇರಲ್ಲ. ಸೋಫಾದಲ್ಲಿ ನನಗೂ ತಟ್ಟೆಗೂ ನಡುವೆ ನನ್ನದೇ ಎರಡು ಮಂಡಿ ಗೋಡೆ ಹಾಗೆ ನಿಂತಿರುತ್ತೆ. ಜೊತೆಗೆ ಪಂಕ್ತಿಯಲ್ಲಿ ತುತ್ತು ಮಾಡಿ ಕೈಯಲ್ಲಿ ತಿನ್ನುತ್ತೇವೆ. ಸಾರು ಚೆಲ್ಲಿದರೂ ಎಲೆ ಮೇಲೆ, ನೆಲದ ಮೇಲೆ. ಲಕ್ಷಗಟ್ಟಲೆ ಬಟ್ಟೆ ಮೇಲೆ ಅಲ್ಲ. ಮುಂದೆ ಹೇಳಿ.

ಇನ್ನೊಂದು ಮಾತು ಎಲ್ಲರೂ ಹೇಳುವುದು: ಅಂಥ ಕಡೆ ಹೋಗೋದು ಆಂಬಿಯೆನ್ಸಿಗೆ, ಹೊಟ್ಟೆಗೆ ಬೇಕಾದ್ರೆ ದರ್ಶಿನಿ ಇಲ್ವಾ. ಈ ಮಾತಿಗೇ ನನಗೆ ಜಾಸ್ತಿ ಸಿಟ್ಟು. ಏಕೆಂದರೆ ದರ್ಶಿನಿಯಲ್ಲಿ ಒಂದೂ ಕುರ್ಚಿ ಇಲ್ಲದೆ ಈ ವಿಷಯ ಸರಿಯಾಗಿದೆ. ಆ ಸ್ಟೀಲಿನ ದುಂಡು ಮೇಜು ಇದೆಯಲ್ಲ, ಮುಂದಿನ ಸಲ ನಿಂತಾಗ ನೋಡಿ. ಮೊಣಕೈ ಮಟ್ಟಕ್ಕೆ ಬರುತ್ತೆ. ನಮ್ಮಪ್ಪನ ಗೆರೆಯೇ, ಸ್ಟೂಲ್ ಒಂದು ಇಲ್ಲ ಅಷ್ಟೇ. ಜಯನಗರದಲ್ಲಿ 1980ರ ದಶಕದಲ್ಲಿ ಮೊದಲ ದರ್ಶಿನಿ ಬಂದಾಗಿನಿಂದ ಊರಿಗೆ ಊರೇ ನಿಂತು ತಿಂದಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಅಲ್ಲಿ ಜನ ಕಟ್ಟೆ ಮೇಲೋ ಫುಟ್‌ಪಾತ್ ಮೇಲೋ ನಿಂತು, ತಟ್ಟೆಯನ್ನೇ ಕೈಯಲ್ಲಿ ಹಿಡಿದು, ಚಟ್ನಿ ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಾರೆ. ಚಟ್ನಿ ಸೀರೆಗೆ ಬಿದ್ದಿದ್ದು ನಾನು ಕಂಡಿಲ್ಲ. ಆಂಬಿಯೆನ್ಸ್ ಅಂದರೆ ಕಣ್ಣಿಗೆ ಮಾತ್ರ ಅಂತ ಯಾರು ಹೇಳಿದ್ದು? ಸೊಂಟಕ್ಕೂ ಒಂದು ಆಂಬಿಯೆನ್ಸ್ ಬೇಡವಾ?

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅಪ್ಪ ಮಾಡಿಕೊಟ್ಟ ತೇಗದ ಊಟದ ಮೇಜಿದೆ. ಅಳತೆಯಲ್ಲಿ ಕೂದಲೆಳೆ ತಪ್ಪಿಲ್ಲ. ಅದರ ಮೇಲೆ ಈಗ ಇಸ್ತ್ರಿಗೆ ಕೊಡುವ ಬಟ್ಟೆ, ಕರೆಂಟ್ ಬಿಲ್ಲು, ಮಗನ ಹೆಲ್ಮೆಟ್ಟು. ನಾವೆಲ್ಲ ಟಿವಿ ಮುಂದೆ ತಟ್ಟೆ ತೊಡೆ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಹೌದು. ಆದರೆ ಅದಕ್ಕೆ ನಾನು ಸರ್ವೀಸ್ ಚಾರ್ಜ್ ಹಾಕಿಲ್ಲ.

ತಮಾಷೆ ಏನು ಗೊತ್ತಾ? ವ್ಯಾಪಾರದ ಲೆಕ್ಕದಲ್ಲೂ ಇದು ನಷ್ಟ. ಮಾಮೂಲಿ ಶೋರೂಮಿನಲ್ಲಿ ಸೋಫಾ ಮೇಲೆ ಎರಡು ನಿಮಿಷ ಕೂರುತ್ತೇವೆ. ಆಹಾ ಎಷ್ಟು ಮೆತ್ತಗಿದೆ ಅನ್ನುತ್ತೇವೆ, ಅಡ್ವಾನ್ಸ್ ಕೊಡುತ್ತೇವೆ. ಇಲ್ಲಿ ಒಂದೂವರೆ ಗಂಟೆ ಕೂರಿಸುತ್ತಾರೆ. ಆ ಹೊತ್ತಿಗೆ ಸೀಟಿನ ಫೋಮ್ ಎಷ್ಟು ಕುಸಿಯುತ್ತೆ, ಅಂಚಿನ ಮರ ತೊಡೆಗೆ ಎಲ್ಲಿ ಒತ್ತುತ್ತೆ, ಮಂಡಿ ನೋವಿರುವವರು ಹೇಗೆ ಏಳಬೇಕು, ಎಲ್ಲ ಗೊತ್ತಾಗಿಬಿಡುತ್ತೆ. ಒಳ ಹೋಗುವಾಗ ತಂಗಿ "ಎಷ್ಟು ಚೆನ್ನಾಗಿದೆ ಅಲ್ವಾ ಅಕ್ಕ, ನಮ್ಮ ಹಾಲಿಗೆ ಇಂಥದೇ ನೋಡಬೇಕು" ಅಂದಿದ್ದಳು. ಬಿಲ್ಲು ಬರುವಷ್ಟರಲ್ಲಿ ಅವಳ ಹಾಲಿಗೆ ಸೋಫಾ ಬೇಡವಾಗಿತ್ತು.

ಕೊನೆಗೆ ಮ್ಯಾನೇಜರ್ ಬಂದು "ಊಟ ಹೇಗಿತ್ತು ಮೇಡಂ?" ಅಂತ ಕೇಳಿದರು. ತುಂಬಾ ಮರ್ಯಾದಸ್ಥ ಮನುಷ್ಯ. ಸೂಪು ಚೆನ್ನಾಗಿತ್ತು, ಕೂರಲು ಕಷ್ಟವಾಯಿತು, ಎತ್ತರದ ಮೇಜು ಒಂದಾದರೂ ಹಾಕಿ ಅಂದೆ. ಅವರ ಮುಖ ಅರಳಿತು. "ಡೈನಿಂಗ್ ಟೇಬಲ್ಲಾ ಮೇಡಂ? ಎರಡನೇ ಫ್ಲೋರಲ್ಲಿದೆ. ಆರು ಸೀಟರ್, ಎಂಟು ಸೀಟರ್ ಎಲ್ಲ ಇದೆ. ತೋರಿಸಲಾ?"

"ಸ್ವೀಟು ಅಲ್ಲಿಗೇ ಕಳಿಸ್ತೀರಾ?" ಅಂದರು ಅಮ್ಮ.

ಇಲ್ಲ, ಅಲ್ಲಿ ಊಟ ತಿಂಡಿ ಅಲೋ ಇಲ್ಲವಂತೆ. ಪಾಲಿಶ್ ಹಾಳಾಗುತ್ತೆ.

ಹುಡುಗಿ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಈ ಪೋಸ್ಟ್ ಓದಿದ ಮೇಲೆ ಇನ್ನೂ ಜಾಸ್ತಿ ಆಗುತ್ತೆ. ಮುಂದಿನ ತಿಂಗಳು ಅಮ್ಮನಿಗೆ ಎಂಬತ್ತು ತುಂಬುತ್ತೆ, ಆಗ ನಾನೇ ಊಟ ಕೊಡಿಸಿ ಸಮಾಧಾನ ಮಾಡಬೇಕು. ಜಾಗ ಗೊತ್ತಿದ್ದರೆ ಹೇಳಿ. ಸ್ಟೈಲಾಗಿದ್ದರೂ ಪರವಾಗಿಲ್ಲ. ಮೆನುವಿನ ಫೋಟೋ ಬೇಡ, ಪ್ಲೇಟಿನ ಫೋಟೋನೂ ಬೇಡ. ಕುರ್ಚಿಯ ಫೋಟೋ ಹಾಕಿ, ಪಕ್ಕದಲ್ಲಿ ಮೇಜೂ ಕಾಣಬೇಕು.